ಸೀರೆ ಮೇಡಂ

ಯಾವ ಬ್ಯಾಂಕಿಗೆ ಹೋಗಿ, ಯಾವ ಹೈಸ್ಕೂಲಿನ ಸ್ಟಾಫ್ ರೂಮಿಗೆ ಹೋಗಿ, ಒಬ್ಬರು ಸೀರೆ ಮೇಡಂ ಇದ್ದೇ ಇರುತ್ತಾರೆ. ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತು. ಮೈಸೂರಿನ ನಮ್ಮ ಬ್ಯಾಂಕ್ ಶಾಖೆಯಲ್ಲಿರುವ ಮೇಡಂ ಈ ಜಾತಿಯ ಅಪ್ಪಟ ಮಾದರಿ. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಬಂದ ದಿನ ಅವರ ಹತ್ತಿರ ರಜೆ ಕೇಳಬಾರದು. ಗಂಜಿ ಸೀರೆಯಿಂದ ಬೆನ್ನಿಗೇರಿ, ಬೆನ್ನಿನಿಂದ ದನಿಗೆ ಇಳಿದಿರುತ್ತದೆ. ಮೆತ್ತನೆಯ ಸಿಂಥೆಟಿಕ್ ಉಟ್ಟ ದಿನ ಅದೇ ಬಾಯಲ್ಲಿ "ಆಗ್ಲಿ ಬಿಡಪ್ಪ, ಹೋಗ್ಬಾ" ಬರುತ್ತದೆ. ನಮ್ಮ ಅಟೆಂಡರ್ ಗೇಟಿನಲ್ಲೇ ಹವಾಮಾನ ವರದಿ ಒಪ್ಪಿಸುತ್ತಾನೆ: "ಸಾರ್, ಇವತ್ತು ಕಾಟನ್ನು. ಅರ್ಜಿ ಜೇಬಲ್ಲೇ ಇರ್ಲಿ."

ಮೇಲಧಿಕಾರಿ ಬರುವ ದಿನ ಮಾತ್ರ ಮೈಸೂರು ಸಿಲ್ಕ್. ಆ ಸೀರೆ ಕೊಳ್ಳಲು ಮಂದಿ ಬೆಳಗಿನ ಜಾವವೇ ಎದ್ದು ಅಂಗಡಿ ಮುಂದೆ ಸಾಲು ನಿಲ್ಲುತ್ತಾರಷ್ಟೆ. ಮೇಡಂ ಕೂಡ ನಿಂತವರೇ. ಅದರ ಜರಿಯಲ್ಲಿ ಬೆಳ್ಳಿ ಶೇ. 65, ಚಿನ್ನ ಶೇ. 0.65 ಎಂದು ತಯಾರಿಸುವವರೇ ಹೇಳುತ್ತಾರೆ. ಆದರೆ ಉಟ್ಟ ಮೇಲೆ ಮೇಡಂ ಕತ್ತು ನಿಲ್ಲುವ ಭಂಗಿ ನೋಡಿದರೆ ಲೆಕ್ಕ ತಲೆಕೆಳಗಾಗಿದೆಯೇನೋ ಅನ್ನಿಸುತ್ತದೆ. ಕಳೆದ ಸಲ ಬಂದ ಸಾಹೇಬರು ಠೇವಣಿ ಯಾಕೆ ಇಳಿದಿದೆ ಎಂದು ಗುಡುಗಿದರು. ಮ್ಯಾನೇಜರು ನೆಲ ನೋಡಿದರು, ನಾನು ಫ್ಯಾನು ನೋಡಿದೆ. ಮೇಡಂ ನಿಧಾನಕ್ಕೆ ಎದ್ದು, ಸೆರಗನ್ನು ಮುಂಗೈ ಮೇಲೆ ಹರಡಿಕೊಂಡು, "ಇಳಿದದ್ದು ಏರತ್ತೆ ಸಾರ್" ಎಂದರು. ಅದರಲ್ಲಿ ಕಾರಣವೂ ಇರಲಿಲ್ಲ, ಅಂಕಿಅಂಶವೂ ಇರಲಿಲ್ಲ. ಸಾಹೇಬರು ಮಾತ್ರ "ಕರೆಕ್ಟ್ ಮೇಡಂ" ಎಂದು ಬರೆದುಕೊಂಡರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುಮಾಡಿಸಿದಾಗ ತಮ್ಮ ಸೀರೆ ಹೀಗೆ ಬ್ಯಾಂಕಿನ ಠೇವಣಿಯನ್ನೂ ಕಾಪಾಡೀತೆಂದು ಊಹಿಸಿದ್ದರೋ ಇಲ್ಲವೋ.

ಉಟ್ಟ ಬಟ್ಟೆಗೆ ತಕ್ಕ ಹಾಗೆ ಬುದ್ಧಿ ಓಡುತ್ತದೆ ಎಂದು ಹೇಳಲು ಅಮೆರಿಕದವರಿಗೆ 2012ರವರೆಗೆ ಕಾಯಬೇಕಾಯಿತು. ಆ ವರ್ಷ ಇಬ್ಬರು ಸಂಶೋಧಕರು ಡಾಕ್ಟರ ಕೋಟು ಎಂದು ಹೇಳಿ ಬಿಳಿ ಕೋಟು ತೊಡಿಸಿದರೆ ಜನರ ಗಮನ ಚುರುಕಾಗುತ್ತದೆ, ಅದೇ ಕೋಟು ಪೇಂಟರ್‌ದು ಎಂದರೆ ಆಗುವುದಿಲ್ಲ ಎಂದು ಬರೆದರು. ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿ ನೋಡಿದರೆ ಫಲ ಸಿಗಲಿಲ್ಲವಂತೆ. ಬರೀ ಕೋಟು ಹಾಕಿದರೆ ಎಲ್ಲಿಂದ ಸಿಗಬೇಕು? ನೆರಿಗೆ ಬೇಡವೇ?

ಇಷ್ಟು ಧೈರ್ಯದ ಮೇಡಂ ಹೆದರುವುದು ಒಬ್ಬನಿಗೆ, ಬ್ಲೌಸ್ ಹೊಲಿಯುವವನಿಗೆ. ಅವನ ಅಂಗಡಿ ಮೆಟ್ಟಿಲು ಹತ್ತುವಾಗ ಕಾಟನ್ನಿನ ಗಂಜಿಯೂ ಕರಗಿರುತ್ತದೆ.

"ನಾಳಿದ್ದು ಮದುವೆ ಕಣಪ್ಪಾ!"

"ಹುಕ್ಕು ಒಂದು ಬಾಕಿ ಅಕ್ಕಾ. ಅಂದ ಹಾಗೆ, ಅಳತೆ ಬ್ಲೌಸ್ ಯಾವ ವರ್ಷದ್ದು?"

ಅಂಗಡಿ ತುಂಬ ಹೆಂಗಸರು. ಮೇಡಂ ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗುತ್ತಾರೆ. ಅವನೇ ಕರುಣೆಯಿಂದ ದನಿ ತಗ್ಗಿಸುತ್ತಾನೆ: "ಒಳಗೆ ಎರಡು ಹೊಲಿಗೆ ಬಿಟ್ಟಿದೀನಿ. ಬೇಕಾದ್ರೆ ಒಂದು ಬಿಚ್ಕೊಳಿ."

ಇನ್ನು ಭಾನುವಾರದ ನೈಟಿ. ಹೆಗಲ ಮೇಲೊಂದು ಟವೆಲ್ ಬಿದ್ದರೆ ಅದೇ ಫುಲ್ ಡ್ರೆಸ್ಸು. ಆ ವೇಷದಲ್ಲಿ ಮೇಡಂ ಬೀದಿಯ ಮಧ್ಯೆ ನಿಂತು ಕಸದ ಗಾಡಿಯನ್ನು ವಾಪಸ್ ಕರೆಸುತ್ತಾರೆ, ಸೊಪ್ಪಿನವಳ ಹತ್ತಿರ ಕಟ್ಟಿಗೆ ಐದು ರೂಪಾಯಿ ಇಳಿಸುತ್ತಾರೆ, ಎದುರು ಮನೆಯವರ ಕಾರು ತೆಗೆಸುತ್ತಾರೆ. ಅಷ್ಟರಲ್ಲಿ ನಮ್ಮ ಅಟೆಂಡರ್ ಬೀರುವಿನ ಬೀಗದ ಕೈ ಕೇಳಲು ಬಂದನೋ, ಬಾಗಿಲ ಹಿಂದಿನಿಂದ ಒಂದು ಕೈ ಮಾತ್ರ ಹೊರಗೆ ಬರುತ್ತದೆ. ನೈಟಿ ಅದೇ, ಟವೆಲ್ಲೂ ಅದೇ. ಪಾಪ, ನೋಡುವವನು ಆಫೀಸಿನವನಾಗಿಬಿಟ್ಟ.

ಆ ನಾಳಿದ್ದಿನ ಮದುವೆಗೆ ನಾನೂ ಹೋಗಿದ್ದೆ. ಮೇಡಂ ಮೈಸೂರು ಸಿಲ್ಕಿನಲ್ಲಿ ಒಳಗೆ ಬಂದರು, ಎರಡನೇ ಸಾಲಿನಲ್ಲಿ ಅದೇ ಗಿಣಿಹಸಿರು, ಅದೇ ಅಂಚು ಉಟ್ಟ ಇನ್ನೊಬ್ಬರು ಕೂತಿದ್ದರು. ಮೇಡಂ ಮುಖದ ಬಣ್ಣ ಇಳಿಯಿತು. ಧಾರೆಯ ಹೊತ್ತಿಗೂ ತಲೆ ಎತ್ತಲಿಲ್ಲ. ಊಟದ ಪಂಕ್ತಿಯಲ್ಲಿ ಹಠ ಮಾಡಿ ಆಕೆಯ ಪಕ್ಕದ ಎಲೆಗೇ ಹೋಗಿ ಕೂತರು. ಅಸಲಿ ಮೈಸೂರು ಸಿಲ್ಕ್ ಸೀರೆಗೆ ಒಂದೊಂದಕ್ಕೂ ಬೇರೆ ಬೇರೆ ನಂಬರ್ ಇರುತ್ತದೆ. "ಅಯ್ಯೋ, ನಿಮ್ಮ ಸೆರಗು ನೆಲಕ್ಕೆ ತಾಗ್ತಿದೆ ರೀ" ಎಂದು ಮೇಡಂ ಅದನ್ನು ಅಕ್ಕರೆಯಿಂದ ಎತ್ತಿ, ತಿರುವಿ, ಈ ತುದಿಯಿಂದ ಆ ತುದಿಯವರೆಗೆ ಸವರಿ, ಮಡಿಸಿ ಆಕೆಯ ಮಡಿಲಲ್ಲಿಟ್ಟರು.

ನಂಬರ್ ಇರಲಿಲ್ಲ.

ಮೇಡಂ ನೆಟ್ಟಗೆ ಕೂತು ಬಡಿಸುವವನನ್ನು ಕರೆದು ಇನ್ನೆರಡು ಹೋಳಿಗೆ ಹಾಕಿಸಿಕೊಂಡರು, ಮೇಲೆ ತುಪ್ಪ ಬೇರೆ. ಬಿಚ್ಚಲು ಇನ್ನೂ ಒಂದು ಹೊಲಿಗೆ ಇತ್ತಲ್ಲ.