ಮೊದಲು ದಂಡು, ಆಮೇಲೆ ದಾಖಲೆ

ಪಕ್ಕದವನ ತೋಟಕ್ಕೆ ಬದು ಒತ್ತುವುದರಲ್ಲಿ ನಮ್ಮ ತರೀಕೆರೆ ಸೀಮೆಯವರಿಗೆ ಒಂದು ಕ್ರಮವಿದೆ. ರಾತ್ರೋರಾತ್ರಿ ಬದು ಎರಡು ಮಾರು ಆಚೆ ಸರಿಯುತ್ತದೆ. ಬೆಳಿಗ್ಗೆ ತಕರಾರು, ಮಧ್ಯಾಹ್ನ ಸರ್ವೆಗೆ ಅರ್ಜಿ. ಸಂಜೆ ಕಡೂರು ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಸಾಕ್ಷಿಗೆ ಮಸಾಲೆ ದೋಸೆ, ಮೇಲೊಂದು ಕಾಫಿ. ದೋಸೆ ಮುಗಿಯುವಷ್ಟರಲ್ಲಿ “ನಮ್ಮಜ್ಜನ ಕಾಲದಿಂದ್ಲೂ ಬದು ಅಲ್ಲೇ ಇತ್ತು ಸ್ವಾಮಿ” ಎಂಬ ಮಾತು ಸಾಕ್ಷಿಯ ಬಾಯಿಗೆ ತಾನಾಗಿಯೇ ಬರುತ್ತದೆ. ಹಳ್ಳಿಯವನು ಮಾಡಿದರೆ ಇದು ಒತ್ತುವರಿ. ಸರ್ಕಾರ ಮಾಡಿದರೆ ಗುಪ್ತಚರ ಮಾಹಿತಿ ಆಧರಿಸಿದ ಸೇನಾ ಕಾರ್ಯಾಚರಣೆ.

ಈ ವಿದ್ಯೆಯನ್ನು 2003ರಲ್ಲಿ ಇರಾಕಿನ ಮೇಲೆ ದಂಡೆತ್ತಲು ಬುಷ್ ಮತ್ತು ಬ್ಲೇರ್ ಕಂಡುಹಿಡಿದರು ಎಂದು ಯಾರಾದರೂ ಅಂದಾಗ ನನ್ನ ಊರಭಿಮಾನಕ್ಕೆ ಪೆಟ್ಟು ಬೀಳುತ್ತದೆ. ಅದಕ್ಕೂ 200 ವರ್ಷ ಮೊದಲೇ ಮೈಸೂರು ಸೀಮೆಯ ಮೇಲೆ ಇದರ ಪ್ರಯೋಗವಾಗಿತ್ತು. ಫಸಲೂ ಭರ್ಜರಿಯಾಗಿ ಬಂದಿತ್ತು.

1798ರ ಜನವರಿ. ಟಿಪ್ಪುವಿನ ಇಬ್ಬರು ರಾಯಭಾರಿಗಳು ಫ್ರೆಂಚರ ನೆರವು ಕೇಳಲು ಮಾರಿಷಸ್‌ಗೆ ಹೋದರು. ಗುಟ್ಟಾಗಿ ಮುಗಿಯಬೇಕಿದ್ದ ಕೆಲಸ. ಅಲ್ಲಿನ ಗವರ್ನರ್ ಮಲಾರ್ಟಿಕ್ ಮಹಾಶಯರು ಪ್ರಕಟಣೆ ಹೊರಡಿಸಿ ಊರಿಗೆಲ್ಲ ಸಾರಿಬಿಟ್ಟರು: ಟಿಪ್ಪು ಇಂಗ್ಲಿಷರ ಮೇಲೆ ಬೀಳಲು ಕಾದು ಕೂತಿದ್ದಾನೆ, ಸೇರುವವರು ಸೇರಿ! ಸೇರಿದವರು ನೂರು ಜನವೂ ತುಂಬಲಿಲ್ಲ. ಆ ಪಟಾಲಮ್ಮು ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದಿಳಿಯಿತು.

ಜೂನ್‌ನಲ್ಲಿ ಆ ಪ್ರಕಟಣೆ ಕಲ್ಕತ್ತೆಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಹೊಸದಾಗಿ ಬಂದಿದ್ದ ಗವರ್ನರ್ ಜನರಲ್ ಮಾರ್ನಿಂಗ್ಟನ್‌ಗೆ (ಮುಂದೆ ವೆಲ್ಲೆಸ್ಲಿ ಎಂದು ಹೆಸರಾದವರು) ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿತು. ಮದ್ರಾಸಿನ ಕಾರ್ಯದರ್ಶಿ ಜೋಸಯಾ ವೆಬ್, ಬೊಕ್ಕಸದಲ್ಲಿ ದುಡ್ಡಿಲ್ಲ, ದಂಡು ಸಿದ್ಧವಿಲ್ಲ, ಈ ಯುದ್ಧ ಬೇಡ ಎಂದು ಉದ್ದಕ್ಕೆ ಬರೆದರು. ಅದು ಕಡತ ಸೇರಿತು. ಇಂಥ ಮಾತುಗಳಿಗೆಂದೇ ಕಡತ ಇರುವುದು.

ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಆಗಸ್ಟ್ 1ರಂದು ಈಜಿಪ್ಟಿನ ಕರಾವಳಿಯಲ್ಲಿ ನೆಲ್ಸನ್ ಫ್ರೆಂಚರ ಹಡಗುಪಡೆಯನ್ನು ಬಗ್ಗುಬಡಿದುಬಿಟ್ಟ. ಅಕ್ಟೋಬರ್ ಕೊನೆಗೆ ಸುದ್ದಿ ಕಲ್ಕತ್ತೆಗೆ ಮುಟ್ಟಿತು. ಈಜಿಪ್ಟಿಗೆ ದಂಡೆತ್ತಿ ಹೋಗಿದ್ದ ನೆಪೋಲಿಯನ್ ಅಲ್ಲಿನ ಮರಳಲ್ಲಿ ಸಿಕ್ಕಿಬಿದ್ದಿದ್ದ. ಶ್ರೀರಂಗಪಟ್ಟಣಕ್ಕೆ ಬರಬೇಕಿದ್ದ ಗುಮ್ಮ ಸಮುದ್ರಪಾಲಾಗಿತ್ತು. ಇನ್ನೇನು, ಯುದ್ಧ ನಿಂತಿತು ಎಂದುಕೊಂಡಿರಾ? ಮಾರ್ನಿಂಗ್ಟನ್ ಸಾಹೇಬರು ಈ ಶುಭ ಸಮಾಚಾರವನ್ನು ಸ್ವತಃ ಟಿಪ್ಪುವಿಗೇ ಬರೆದು ತಿಳಿಸಿದರು. ಕೆಲವೇ ದಿನಗಳಲ್ಲಿ ಇನ್ನೊಂದು ಕಾಗದ ಬರೆದು, ಆ ಫ್ರೆಂಚರ ಸ್ನೇಹಕ್ಕಾಗಿ ಜವಾಬು ಕೇಳಿದರು. ಬೆದರಿಕೆ ತೀರಿಕೊಂಡರೂ ಅದರ ಹೆಸರಿನ ಖರ್ಚು ಮಂಜೂರಾಗಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆಮೇಲೆ ಅರಮನೆಯ ಕಾಗದಪತ್ರ ಜಾಲಾಡಿ, ಬೇಕಾದ್ದನ್ನು ಆರಿಸಿ, ಇಂಗ್ಲಿಷಿಗೆ ತರ್ಜುಮೆ ಮಾಡಿಸಿ, ನೋಡಿ ಪುರಾವೆ ಎಂದು ಅಚ್ಚು ಹಾಕಿಸಿದರು.

ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳಕ್ಕೆ ನಾವು ಪ್ರತಿ ನವೆಂಬರನ್ನು ಮೀಸಲಿಟ್ಟಿದ್ದೇವೆ, ಅದು ಇಲ್ಲಿ ಬೇಡ. ಅವನು ಫ್ರೆಂಚರಿಗೆ ಬರೆದದ್ದು ಸುಳ್ಳಲ್ಲ. ಕಸುಬಿನ ನಾಜೂಕು ಇರುವುದೇ ಅಲ್ಲಿ. ಪೂರಾ ಸುಳ್ಳು ಬೇಗ ಹಳಸುತ್ತದೆ. ಪಾವು ನಿಜಕ್ಕೆ ಪಲ್ಲ ಭಯ ಬೆರೆಸಿದರೆ ವರ್ಷಗಟ್ಟಲೆ ಇಡಬಹುದು. ಅತ್ತ ಟಿಪ್ಪುವಿಗೂ ಒಬ್ಬ ಮಾಹಿತಿದಾರ ಸಿಕ್ಕಿದ್ದ. 1797ರಲ್ಲಿ ಮುರುಕು ಹಡಗಿನಲ್ಲಿ ಮಂಗಳೂರಿಗೆ ಬಂದು ಬಿದ್ದ ರಿಪೋ ಎಂಬ ಫ್ರೆಂಚ್ ಹಡಗುಗಳ್ಳ, ಮಾರಿಷಸ್‌ನಲ್ಲಿ ದೊಡ್ಡ ಸೈನ್ಯ ನಿಮಗಾಗಿ ತುದಿಗಾಲಲ್ಲಿ ನಿಂತಿದೆ ಎಂದು ಬೊಗಳೆ ಬಿಟ್ಟ. ಇವನು ಪೋಲಿ, ನಂಬಬೇಡಿ ಎಂದು ದರ್ಬಾರಿನವರು ಎಚ್ಚರಿಸಿದರು. ದೊರೆ ನಂಬಿದ. ಹೇಳುವವನಿಗಿಂತ ಕೇಳುವವನಿಗೇ ಆತುರವಿದ್ದರೆ ಗೂಢಚಾರನಿಗೆ ಸಂಬಳ ದಂಡ.

ಇದರಲ್ಲಿ ನಮ್ಮ ಸೀಮೆಯ ಅಜ್ಜಂಪುರಕ್ಕೆ ಏನು ಬಂತು ಎಂದು ಕೇಳಬಹುದು. ಏನು ಹೋಯಿತು ಎಂದು ಕೇಳಿ. ಹೈದರ್, ಟಿಪ್ಪುವಿನ ಫಿರಂಗಿ ಎಳೆದ ಅಮೃತಮಹಲ್ ದನಗಳೂ ಅವು ಮೇಯುವ ಕಾವಲುಗಳೂ ಗೆದ್ದವರ ಕೈ ಸೇರಿದವು. ಮಾರ್ನಿಂಗ್ಟನ್‌ರ ತಮ್ಮ ಆರ್ಥರ್ ವೆಲ್ಲೆಸ್ಲಿ ಮುಂದಿನ ಕಾಳಗಗಳಲ್ಲಿ ಅವುಗಳಿಂದ ದುಡಿಸಿಕೊಂಡು ಬಾಯ್ತುಂಬ ಹೊಗಳಿದರು. 1860ರಲ್ಲಿ ಖರ್ಚು ಜಾಸ್ತಿಯಾಯಿತೆಂದು ಹಿಂಡನ್ನೇ ಮಾರಿದಾಗ ಒಂದಷ್ಟು ರಾಸುಗಳನ್ನು ಕೊಂಡವನು ಈಜಿಪ್ಟಿನ ಪಾಷಾ. ಈಜಿಪ್ಟಿನಿಂದ ಇಲ್ಲಿಗೆ ಫ್ರೆಂಚರು ಬರಲೇ ಇಲ್ಲ, ಇಲ್ಲಿಂದ ಈಜಿಪ್ಟಿಗೆ ಎತ್ತುಗಳು ಮಾತ್ರ ತಪ್ಪದೆ ಹೋದವು. ನಮ್ಮ ಕಡೆಯ ಅಂತರಘಟ್ಟೆ ಜಾತ್ರೆಗೆ ಎತ್ತಿನ ಗಾಡಿ ಕಟ್ಟುವವರು ಈ ಲೆಕ್ಕವನ್ನೂ ಒಮ್ಮೆ ಹಾಕಲಿ.

ತರೀಕೆರೆಯ ಸರದಿ ಬಂದದ್ದು 1830ರಲ್ಲಿ. ಕಂದಾಯದ ಗುತ್ತಿಗೆದಾರರ ಕಾಟ ತಾಳಲಾರದೆ ನಗರ ಸೀಮೆಯ ರೈತರು ಕೂಟ ಕಟ್ಟಿದರು. ತರೀಕೆರೆ ಪಾಳೆಯಗಾರರ ಮನೆತನವೂ ದಂಗೆಗೆ ಇಳಿಯಿತು. ರೈತರ ಸಂಕಟ ನಿಜ, ಆಡಳಿತ ಹಳ್ಳ ಹಿಡಿದದ್ದೂ ನಿಜ. ಆದರೆ ಗವರ್ನರ್ ಜನರಲ್ ಬೆಂಟಿಂಕ್‌ಗೆ ಬೇಕಿದ್ದದ್ದು ಬೇರೆ ಕಾರಣ. ಟಿಪ್ಪು ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಒಡೆಯರೊಂದಿಗೆ ಮಾಡಿಕೊಂಡ 1799ರ ಒಪ್ಪಂದದ ಪ್ರಕಾರ ಮೈಸೂರು ಕೊಡಬೇಕಿದ್ದ ವರ್ಷಕ್ಕೆ 7 ಲಕ್ಷ ವರಹದ ಕಪ್ಪಕ್ಕೆ ಕುತ್ತು ಬಂದರೆ ಮಾತ್ರ ಕಂಪನಿ ಕೈಹಾಕಬಹುದಿತ್ತು. ಕುತ್ತು ಬಂದಿದೆ ಎಂದು ತೀರ್ಮಾನಿಸಲಾಯಿತು. 1831ರ ಅಕ್ಟೋಬರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯಭಾರ ಹೋಯಿತು.

ಆಮೇಲೆ, ಶಾಸ್ತ್ರೋಕ್ತವಾಗಿ, ತನಿಖಾ ಸಮಿತಿ. 1833ರಲ್ಲಿ ಅದು ಲೆಕ್ಕ ತೆಗೆದಾಗ ಕಪ್ಪ ಬಾಕಿಯೇ ಬಿದ್ದಿರಲಿಲ್ಲ! ಬೆಂಟಿಂಕ್‌ಗೂ ತಾನು ಮಾಡಿದ್ದು ಸರಿಯೇ ಎಂಬ ಅನುಮಾನ ಹತ್ತಿತು. ರಾಜ್ಯದ ಬಹುಪಾಲು ಹಿಂದಿರುಗಿಸೋಣ ಎಂದು 1834ರಲ್ಲಿ ಬರೆದರು. ಲಂಡನ್ನಿನ ಧಣಿಗಳು ಒಪ್ಪಲಿಲ್ಲ. ಸಮಿತಿಯ ಸದಸ್ಯರಲ್ಲೊಬ್ಬರಾದ ಮಾರ್ಕ್ ಕಬ್ಬನ್ ಅದೇ ವರ್ಷ ಕಮಿಷನರ್ ಆಗಿ, 1861ರವರೆಗೆ ಆಳಿದರು. ರಾಜ್ಯ ಒಡೆಯರಿಗೆ ಮರಳಿದ್ದು 1881ರಲ್ಲಿ. ತಪ್ಪಿನ ಅರಿವಾಗಲು ಮೂರು ವರ್ಷ, ತಿದ್ದಲು ಐವತ್ತು.

ಇರಾಕಿನವರು ಇದನ್ನೇ ಯಂತ್ರದ ವೇಗದಲ್ಲಿ ಅನುಭವಿಸಿದರು. ಮಾರಕಾಸ್ತ್ರಗಳು 45 ನಿಮಿಷದಲ್ಲಿ ಸಜ್ಜಾಗುತ್ತವೆ ಎಂದು 2002ರಲ್ಲಿ ಲಂಡನ್ ಹೇಳಿತು. 2003ರ ಫೆಬ್ರುವರಿ 5ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯಲ್ಲಿ ಮಾರಕಾಸ್ತ್ರದ ಮಾದರಿಯೆಂದು ಪುಟ್ಟ ಶೀಶೆ ಎತ್ತಿ ತೋರಿಸಿದರು. ರಿಪೋನ ಜಾಗದಲ್ಲಿ ‘ಕರ್ವ್‌ಬಾಲ್’ ಎಂಬ ಗುಪ್ತನಾಮದ ಇರಾಕಿ ಇದ್ದ. ತಾನು ಹೇಳಿದ್ದು ಸುಳ್ಳೆಂದು 2011ರಲ್ಲಿ ಅವನೇ ಒಪ್ಪಿಕೊಂಡ. ಅಸ್ತ್ರ ಹುಡುಕಲು ಹೋದವರಿಗೆ ಏನೂ ಸಿಗಲಿಲ್ಲ. ಈ ಯುದ್ಧದ ತನಿಖೆ ನಡೆಸಿದ ಬ್ರಿಟನ್ನಿನ ಚಿಲ್ಕಾಟ್ ಸಮಿತಿಯ ವರದಿ 2016ರಲ್ಲಿ 12 ಸಂಪುಟಗಳಾಗಿ ಹೊರಬಂತು. ಸತ್ತವರ ಮನೆಯವರು ಬಿಡುವಾದಾಗ ಓದಿಕೊಳ್ಳಲಿ.

ಹಾಗಾಗಿ ಮುಂದೆ ಯಾವ ಸರ್ಕಾರವೇ ಆಗಲಿ, “ನಂಬಲರ್ಹ ಮೂಲಗಳ ಪ್ರಕಾರ” ಎಂದು ಗಂಟಲು ಸರಿಪಡಿಸಿಕೊಂಡರೆ, ಪುರಾವೆ ಎಲ್ಲಿ ಎಂದು ಕೇಳಿ ದೇಶದ್ರೋಹಿ ಅನ್ನಿಸಿಕೊಳ್ಳಬೇಡಿ. ಪುರಾವೆ ಇದ್ದೇ ಇರುತ್ತದೆ, ಇಲ್ಲದಿದ್ದರೆ ಬರುತ್ತದೆ. ಎರಡು ತಾರೀಖು ಮಾತ್ರ ಕೇಳಿ: ಪುರಾವೆ ಸಿಕ್ಕಿದ್ದು ಎಂದು, ದಂಡಿಗೆ ಎತ್ತು ಹೂಡಲು ಹೇಳಿದ್ದು ಎಂದು.