ಪಾಪದ ಸರ್ವರ್!

ಹಗರಿಬೊಮ್ಮನಹಳ್ಳಿಯಲ್ಲಿ ಪಹಣಿ ತೆಗೆಸಲು ಹೋದರೆ ಜೆರಾಕ್ಸ್ ಅಂಗಡಿಯ ಹುಡುಗ ತಲೆ ಎತ್ತದೇ ಹೇಳುವುದು ಒಂದೇ ಮಾತು: "ಸರ್ವರ್ ಡೌನ್ ಐತ್ರೀ."

ಪಾಪದ ಸರ್ವರ್! 1984ರಲ್ಲೇ ಐಎಸ್‌ಒ ಸಂಸ್ಥೆ ನೆಟ್‌ವರ್ಕಿನ ವ್ಯವಹಾರವನ್ನು ಏಳು ಪದರ ಮಾಡಿ, ಬೈಗುಳಕ್ಕೂ ವಿಳಾಸ ಒದಗಿಸಿದೆ. ಫೈಬರ್, ಹಬ್ಬು ಮೊದಲ ಪದರದವು. ಹಬ್ಬು ಬಸ್‌ಸ್ಟ್ಯಾಂಡಿನ ಮೈಕಿದ್ದಂತೆ; ಒಬ್ಬನಿಗೆ ಹೇಳಬೇಕಾದ್ದನ್ನು ಎಲ್ಲರಿಗೂ ಒದರುತ್ತದೆ. ಎರಡನೆಯ ಪದರದ ಸ್ವಿಚ್ಚು ಮ್ಯಾಕ್ ವಿಳಾಸ ನೋಡಿ ಯಾರದ್ದೋ ಅವರಿಗೇ ಮುಟ್ಟಿಸುತ್ತದೆ. ಮೂರನೆಯದರ ರೂಟರ್ ಐಪಿ ವಿಳಾಸ ಓದಿ ಊರಾಚೆಯ ದಾರಿ ಹಿಡಿಸುತ್ತದೆ. ಅಂಗಡಿಯ ಮೊಳೆಗೆ ನೇತುಬಿದ್ದ ಬಿಳಿ ಡಬ್ಬಿಯಲ್ಲಿ ರೂಟರ್, ಸ್ವಿಚ್ಚು, ವೈಫೈ ಮೂರೂ ಒಟ್ಟು ಸಂಸಾರ. ಮೇಲೆ ಕುಂಕುಮ, ಊದಿನಕಡ್ಡಿಯ ಬೂದಿ. (ಪೂಜೆ ಎಷ್ಟನೆಯ ಪದರವೋ, ಐಎಸ್‌ಒ ತಿಳಿಸಿಲ್ಲ.)

ಡಬ್ಬಿಯ 'ಎಲ್‌ಒಎಸ್' ದೀಪ ಕೆಂಪಗೆ ಮಿಣುಕುತ್ತಿತ್ತು. ಅಂದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ. ಹೊರಗೆ ಜೆಸಿಬಿ ನೀರಿನ ಪೈಪಿಗೆ ಗುಂಡಿ ತೋಡುತ್ತಿತ್ತು.

"ತಮ್ಮಾ, ಸರ್ವರ್ ಅಲ್ಲೋ, ಫೈಬರ್ ಕಡಿದೈತಿ."

"ಗೊತ್ತೈತ್ರೀ ಕಾಕಾ. ಸರ್ವರ್ ಅಂದ್ರ ಜನ ಸುಮ್ನ ಹೊಕ್ಕಾರ. ಫೈಬರ್ ಅಂದ್ರ, ಯಾವಾಗ ಜೋಡಸ್ತಾರ ಅಂತ ಕುಂತಬಿಡ್ತಾರ!"