ಬೆಲ್‌ಫಾಸ್ಟ್ ಆದೀತು, ಬೆಳ್ಳಾರೆ ಬೇಡ

ನಮ್ಮ ಪುತ್ತೂರು ಕಡೆಯ ಕಾಲೇಜೊಂದರ ಮಕ್ಕಳು ಸಂಘರ್ಷ ಪರಿಹಾರ ಶಾಸ್ತ್ರ ಓದಲಿಕ್ಕೆಂದು ಬಳಗ ಕಟ್ಟಿಕೊಂಡಿದ್ದಾರೆ. ಯಾವ ಕಾಲೇಜು ಎಂದು ಹೇಳುವುದಿಲ್ಲ. ಹೇಳಿದರೆ ಅದೇ ಒಂದು ಸಂಘರ್ಷ.

ಉದ್ಘಾಟನೆಯ ಕಾಗದ ನನಗೆ ಎರಡು ಸಲ ಬಂತು. ಮೊದಲನೆಯದರಲ್ಲಿ ಒಬ್ಬ ಗಣ್ಯರ ಹೆಸರು ಕೆಳಗೆ ಬಿದ್ದಿತ್ತು. ಅವರು ಮುನಿಸಿಕೊಂಡರು. ಎರಡನೆಯದರಲ್ಲಿ ಆ ಹೆಸರು ಮೇಲೇರಿತು. ಇನ್ನೊಬ್ಬರು ಮುನಿಸಿಕೊಂಡರು. ಬಂದ ಲಾಭವೆಲ್ಲ ಪ್ರೆಸ್ಸಿನವನಿಗೆ.

ನಗಬೇಡಿ. ಪುತ್ತೂರಿನಲ್ಲಿ ಆಮಂತ್ರಣ ಪತ್ರಿಕೆ ಸಣ್ಣ ವಿಷಯ ಅಲ್ಲ. 2016ರಲ್ಲಿ ಮಹಾಲಿಂಗೇಶ್ವರನ ಜಾತ್ರೆಯ ಕಾಗದದಲ್ಲಿ ಆಗಿನ ಜಿಲ್ಲಾಧಿಕಾರಿ ಎ.ಬಿ. ಇಬ್ರಾಹಿಂ ಅವರ ಹೆಸರು ಅಚ್ಚಾಯಿತೆಂದು ಪ್ರತಿಭಟನೆಗೆ ಇಳಿದ ಊರಿದು. ಜಿಲ್ಲಾಧಿಕಾರಿಯ ಸಹಿ ಆಗುತ್ತದೆ, ಹೆಸರು ಆಗುವುದಿಲ್ಲ. 2022ರಲ್ಲಿ ಅದೇ ಜಾತ್ರೆಯ ಅಂಗಡಿ ಏಲಂ ಹಿಂದೂಗಳಿಗೆ ಮಾತ್ರ ಎಂದಾಯಿತು. ಜಾತ್ರೆಯ ಗದ್ದೆಯಲ್ಲಿ ಬಳೆ ಮಾರಬಾರದ ಮುಸ್ಲಿಂ ಬ್ಯಾರಿಗೆ ನಮ್ಮ ಅಡಿಕೆ ಮಾತ್ರ ಕೊಡಬಹುದು. ಅಡಿಕೆಗೆ ಮಡಿ ಇಲ್ಲ. ದರ ಉಂಟು.

ಭಾಷಣಕಾರರು ದೂರದಿಂದ ಬಂದವರು. ನಾರ್ವೆಯ ಯೋಹಾನ್ ಗಾಲ್ಟುಂಗ್‌ನಿಂದ ಶುರು ಮಾಡಿದರು. 1959ರಲ್ಲಿ ಓಸ್ಲೊದಲ್ಲಿ ಶಾಂತಿ ಸಂಶೋಧನಾ ಸಂಸ್ಥೆ ಕಟ್ಟಿ, 2024ರಲ್ಲಿ ತೀರಿಕೊಂಡ ಪಂಡಿತ. ಹೊಡೆದಾಟ ನಿಂತ ಮಾತ್ರಕ್ಕೆ ಶಾಂತಿ ಬಂತೆಂದಲ್ಲ, ಅದು ಬರೀ ನಕಾರಾತ್ಮಕ ಶಾಂತಿ ಎಂದವನು. ಮಕ್ಕಳು ತಲೆ ಬಗ್ಗಿಸಿ ನೋಟ್ಸ್ ಬರೆದುಕೊಂಡರು. ಇದಕ್ಕೆ ನೋಟ್ಸ್ ಯಾಕೆ? 2022ರ ಜುಲೈಯಲ್ಲಿ ಪುತ್ತೂರು, ಸುಳ್ಯ, ಕಡಬದಲ್ಲಿ 144ನೇ ಸೆಕ್ಷನ್ ಬಿತ್ತು. ಅಂಗಡಿಗೆ ಬಾಗಿಲು, ವೈನ್ ಶಾಪಿಗೆ ಬೀಗ. ‘ಪರಿಸ್ಥಿತಿ ಶಾಂತವಾಗಿದೆ’ ಎಂದು ಹೇಳಿಕೆ. ಗಾಲ್ಟುಂಗ್ ಪುಸ್ತಕದಲ್ಲಿ ಬರೆದದ್ದನ್ನು ನಮ್ಮವರು ಮೈಕಿನಲ್ಲಿ ಕೂಗಿದ್ದರು.

ಆಮೇಲೆ ಉತ್ತರ ಐರ್ಲೆಂಡ್. 1998ರ ಗುಡ್ ಫ್ರೈಡೇ ಒಪ್ಪಂದ. ಬೆಲ್‌ಫಾಸ್ಟಿನ ಕ್ಯಾಥೊಲಿಕರು, ಪ್ರೊಟೆಸ್ಟೆಂಟರು, ನಡುವಿನ ಗೋಡೆಗಳು. ಮುಕ್ಕಾಲು ಗಂಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ್, ಬೆಳ್ಳಾರೆಯದ್ದು?”

ಫ್ಯಾನಿನ ಸದ್ದು ಕೇಳಿಸಿತು. ನಿರೂಪಕರು ಮೈಕು ಎಳೆದುಕೊಂಡರು. “ಲೋಕಲ್ ವಿಷಯ ಬೇಡಮ್ಮ. ನೆಕ್ಸ್ಟ್ ಕ್ವೆಶ್ಚನ್?”

ನೆಕ್ಸ್ಟ್ ಕ್ವೆಶ್ಚನ್ ಪ್ಯಾಲೆಸ್ಟೀನಿನದ್ದು. ಎಲ್ಲರಿಗೂ ಜೀವ ಬಂತು.

ಅವಳಿಗೆ ಸಿಗದ ಉತ್ತರ ಇಷ್ಟೆ. ಆ 144ನೇ ಸೆಕ್ಷನ್ ಬಿದ್ದ ಜುಲೈಯಲ್ಲೇ ಸುಳ್ಯದ ಬೆಳ್ಳಾರೆಯ ಆಸುಪಾಸಿನಲ್ಲಿ ವಾರದೊಳಗೆ ಇಬ್ಬರು ಯುವಕರು ಕೊಲೆಯಾದರು. ಒಬ್ಬ ಮುಸ್ಲಿಂ, ಇನ್ನೊಬ್ಬ ಹಿಂದೂ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬೆಂಗಳೂರಿನಿಂದ ಬಂದರು. ಒಂದು ಮನೆಗೆ ಹೋದರು. 25 ಲಕ್ಷ ಕೊಟ್ಟರು. ಇನ್ನೊಂದು ಮನೆಯ ದಾರಿ ಕಾರಿಗೆ ಸಿಗಲಿಲ್ಲ. ಆ ಮನೆಗೆ 25 ಲಕ್ಷ ತಲುಪಲು ಸರ್ಕಾರವೇ ಬದಲಾಗಬೇಕಾಯಿತು. ಕೊಟ್ಟದ್ದು 2023ರ ಜೂನ್‌ನಲ್ಲಿ, ಸಿದ್ದರಾಮಯ್ಯ. ಹೆಣಕ್ಕೂ ಪಕ್ಷ ಉಂಟು ಮಾರಾಯ್ರೆ. ಅದರ ಪಕ್ಷ ಅಧಿಕಾರಕ್ಕೆ ಬರುವ ತನಕ ಅದು ಕಾಯಬೇಕು.

ಇಲ್ಲಿಯ ಜನಕ್ಕೆ ಜಗಳ ಬಿಡಿಸುವ ವಿದ್ಯೆ ಗೊತ್ತಿಲ್ಲವೆಂದಲ್ಲ. ಕುಮ್ಕಿ ಜಾಗದ ತಕರಾರು, ತೋಡಿನ ನೀರಿನ ತಕರಾರು, ಬೇಲಿ ಒಂದು ಮೊಳ ಈಚೆ ಬಂದ ತಕರಾರು. ಸರ್ವೆಯವರು ಅಳೆದು ಸುಸ್ತಾಗಿ ಹೋದ ಮೇಲೂ ದಾರಿ ಉಂಟು. ಕಾಸರಗೋಡಿನ ಕಾನತ್ತೂರಿಗೆ ಹೋಗಿ ನಾಲ್ವರು ದೈವಗಳ ಮುಂದೆ ಪ್ರಮಾಣ ಮಾಡಬೇಕು. ಕಾನತ್ತೂರಿಗೆ ಹೋಗುವ ಮಾತೆತ್ತಿದರೇ ಸಾಕು, ಎಷ್ಟೋ ಮಂದಿ ಅಂಗಳದಲ್ಲೇ ರಾಜಿಯಾಗಿಬಿಡುತ್ತಾರೆ. ಒಂದು ಮೊಳ ಜಾಗಕ್ಕೆ ನಾವು ದೈವಕ್ಕೆ ಹೆದರುತ್ತೇವೆ. ಒಂದು ಜೀವಕ್ಕೆ ಜಾಮೀನು ಹುಡುಕುತ್ತೇವೆ. ಜಾಮೀನಿನಲ್ಲಿ ಹೊರಬಂದವನಿಗೆ ಹಾರ ಹಾಕಲು ಎರಡೂ ಕಡೆ ಜನ ತಯಾರು.

ಕಾಲೇಜುಗಳೇನು ಕಡಿಮೆ? ಅದೇ 2022ರ ಜೂನ್‌ನಲ್ಲಿ ಉಪ್ಪಿನಂಗಡಿಯಲ್ಲಿ ಹಿಜಾಬಿನ ಹೆಸರಲ್ಲಿ 24 ಹುಡುಗಿಯರು ಕ್ಲಾಸಿನಿಂದ ಹೊರಗಾದರು. ಆಗಸ್ಟ್‌ನಲ್ಲಿ ಸುಳ್ಯದಲ್ಲಿ ಸಹಪಾಠಿ ಹುಡುಗಿಯ ಜೊತೆ ಮಾತಾಡಿದನೆಂದು ಒಬ್ಬ ವಿದ್ಯಾರ್ಥಿಗೆ ಪೆಟ್ಟು ಬಿತ್ತು. ಹೊಡೆದವರೂ ವಿದ್ಯಾರ್ಥಿಗಳೇ. ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರೂ ಉಂಟು.

ಊಟಕ್ಕೆ ಮೊದಲು ಗ್ರೂಪ್ ಫೋಟೊ. ಬಳಗದ ಸಂಚಾಲಕರು ಇಬ್ಬರು: ಹಿಂದೂ ಹುಡುಗ, ಮುಸ್ಲಿಂ ಹುಡುಗಿ. ಇಡೀ ದಿನ ಕುರ್ಚಿ ಹೊತ್ತವರು, ಬ್ಯಾನರ್ ಕಟ್ಟಿದವರು ಅವರೇ. ಫೋಟೊಕ್ಕೆ ಅಕ್ಕಪಕ್ಕ ನಿಂತಿದ್ದರು. ಒಬ್ಬ ಉಪನ್ಯಾಸಕರು ಓಡಿ ಬಂದರು.

“ಹಾಗೆ ನಿಲ್ಲಬೇಡಿ. ವಾಟ್ಸ್ಆ್ಯಪ್‌ಗೆ ಹೋದರೆ ನಾಳೆ ನನಗೆ ಫೋನ್ ಬರ್ತದೆ.”

ಹುಡುಗಿಯನ್ನು ಎಡತುದಿಗೆ ಕಳಿಸಿದರು, ಹುಡುಗನನ್ನು ಬಲತುದಿಗೆ. ನಡುವಿನಲ್ಲಿ ನಾವು ಹಿರಿಯರು ಒಂಬತ್ತು ಮಂದಿ. ನಾನೂ ಇದ್ದೆ. ಫೋಟೊ ಚೆನ್ನಾಗಿ ಬಂದಿದೆ.